ಟಿಪ್ಪು ಕಾಲದ ಆನೆ ಕಾಸು: ಒಂದು ಚುಕ್ಕೆಗೆ ಎಂಟು ಸಾವಿರ ಕೊಡ್ತಾರಾ?

ಪ್ರಶ್ನೆ (ಹೊಸನಗರದ ಸದಸ್ಯೆ): ನಮಸ್ಕಾರ ಸರ್. ನಮ್ಮ ಅಜ್ಜಿಯ ಎಲೆ ಅಡಿಕೆ ಪೆಟ್ಟಿಗೆಯಲ್ಲಿ ನಾಲ್ಕು ತಾಮ್ರದ ಕಾಸು ಸಿಕ್ಕಿವೆ. ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ಪರ್ಷಿಯನ್ ಬರಹ. ಓದಲು ಬರುವವರಿಗೆ ತೋರಿಸಿದೆ. ಒಂದರ ಇಸವಿ 5221 ಅಂದರು! ಅದು ಹೇಗೆ? ಇನ್ನೊಂದು ವಿಷಯ. ಎರಡು ಕಾಸಿನಲ್ಲಿ ಆನೆ ಇರುವ ಕಡೆ ದೋಣಿಯಂಥ ಸಣ್ಣ ಗೆರೆ ಇದೆ. ಒಂದರಲ್ಲಿ ಗೆರೆಯ ಕೆಳಗೆ ಚುಕ್ಕೆ, ಇನ್ನೊಂದರಲ್ಲಿ ಮೇಲೆ. ಮೇಲೆ ಚುಕ್ಕೆ ಇರುವುದು ಅಪರೂಪದ್ದು, ಎಂಟು ಸಾವಿರಕ್ಕೆ ತಗೋತೀನಿ ಅಂತ ಒಬ್ಬರು ದಿನಾ ಫೋನ್ ಮಾಡ್ತಿದ್ದಾರೆ. ಕೊಟ್ಟುಬಿಡಲಾ?

ಉತ್ತರ: ಮೇಡಂ, ಎರಡು ದಿನ ಆ ಫೋನ್ ಎತ್ತಬೇಡಿ.

5221 ಅಲ್ಲ, ಅದು 1225. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಲೆಕ್ಕ ಬಿಟ್ಟು ಮೌಲೂದಿ ಎಂಬ ಹೊಸ ಲೆಕ್ಕ ತಂದ. ನಾಣ್ಯಗಳ ಮೇಲೆ ಅದು ಶುರುವಾಗುವುದು 1215ರಿಂದ, ಅಂದರೆ ನಮ್ಮ 1787–88. ಅಲ್ಲಿಂದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಕೆತ್ತಿಸಿದ. ಎಡದಿಂದ ಓದಿದರೆ 5221 ಅನ್ನಿಸುತ್ತೆ. ಓದಿದವರ ತಪ್ಪಲ್ಲ ಬಿಡಿ. ನಿಮ್ಮ ಕಾಸು 1797–98ರದ್ದು.

ಇನ್ನು ದೋಣಿ. ಅದು ಟಂಕಸಾಲೆಯ ಗುರುತಲ್ಲ, ವರ್ಷದ ಅಕ್ಷರ. ಕೊನೆಯ ನಾಲ್ಕು ವರ್ಷ ಟಿಪ್ಪುವಿನ ತಾಮ್ರದ ಕಾಸಿನ ಮೇಲೆ ಅಲಿಫ್, ಬೇ, ತೇ, ಸೇ ಅಂತ ವರ್ಷಕ್ಕೊಂದು ಅಕ್ಷರ ಬಂತು. 1224ಕ್ಕೆ ಅಲಿಫ್, 1225ಕ್ಕೆ ಬೇ, 1226ಕ್ಕೆ ತೇ. ಅಲಿಫ್ ಒಂದು ನೆಟ್ಟಗಿನ ಕಡ್ಡಿ. ಉಳಿದ ಮೂರೂ ಒಂದೇ ದೋಣಿ, ಚುಕ್ಕೆ ಮಾತ್ರ ಬೇರೆ. ಕೆಳಗೆ ಒಂದು ಚುಕ್ಕೆ ಇದ್ದರೆ ಬೇ, ಮೇಲೆ ಎರಡಿದ್ದರೆ ತೇ, ಮೂರಿದ್ದರೆ ಸೇ. ನಿಮಗೆ ಮೇಲೆ ಒಂದೇ ಚುಕ್ಕೆ ಕಾಣುವುದು ಯಾಕಂದರೆ, ತೇ ಅಕ್ಷರದ ಎರಡು ಚುಕ್ಕೆ ಸವೆದು ಕೂಡಿಕೊಂಡಿರುತ್ತವೆ, ಇಲ್ಲವೇ ಒಂದು ಅಳಿಸಿರುತ್ತೆ. ಆ ಕಾಸಿನ ಇಸವಿ ನೋಡಿ. ಎಡದಿಂದ 6221 ಅಂತ ಇದ್ದರೆ ವಿಷಯ ಮುಗಿಯಿತು. ಅದು 1798–99ರದ್ದು, ಶ್ರೀರಂಗಪಟ್ಟಣ ಬೀಳುವ ಮೊದಲಿನ ವರ್ಷದ್ದು. ಒಳ್ಳೆಯ ಕಾಸೇ. ಆದರೆ ಚುಕ್ಕೆ ಮೇಲಿದೆ ಅನ್ನುವ ಕಾರಣಕ್ಕೆ ಅಪರೂಪ ಅಲ್ಲ.

ಹೊಸನಗರದ ಸದಸ್ಯೆ: ಹೌದು ಸರ್, 6221 ಇದೆ! ಹಾಗಾದರೆ ಟಂಕಸಾಲೆ ಯಾವುದು ಅಂತ ಎಲ್ಲಿ ನೋಡಬೇಕು?

ಉತ್ತರ: ಬರಹ ಇರುವ ಮಗ್ಗುಲಲ್ಲಿ. ಟಿಪ್ಪು ಸಣ್ಣ ಗುರುತು ಹಾಕಿ ಬಿಡುತ್ತಿರಲಿಲ್ಲ, ಊರಿನ ಹೆಸರನ್ನೇ ಬರೆಸುತ್ತಿದ್ದ. ‘ಜರ್ಬ್’ ಅಂದರೆ ಅಚ್ಚು ಹಾಕಿದ್ದು, ಜೊತೆಗೆ ಊರು. ತೊಂದರೆ ಏನಂದರೆ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಸುತ್ತಿಗೆ ಏಟು ಸ್ವಲ್ಪ ಆಚೀಚೆ ಬಿದ್ದರೂ ಅರ್ಧ ಹೆಸರು ಹೊರಗೆ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಮೇಜಿಗೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ, ಕಾಸನ್ನು ನಿಧಾನಕ್ಕೆ ತಿರುಗಿಸಿ. ಸವೆದ ಗೆರೆಗೂ ನೆರಳು ಬೀಳುತ್ತೆ.

‘ಪಟನ್’ ಅಂದರೆ ಶ್ರೀರಂಗಪಟ್ಟಣ. ಅದು ಆಳವಾದ ಬಟ್ಟಲಿನ ಆಕಾರದಲ್ಲಿ ಮುಗಿಯುತ್ತೆ, ಅದು ನೂನ್ ಅಕ್ಷರ. ‘ನಗರ್’ ಬೇರೆ. ಅದರ ನಡುವೆ ಓರೆಯಾಗಿ ಮೇಲಕ್ಕೇರುವ ಉದ್ದ ಗೆರೆ, ಕೊನೆಗೆ ಕುಡುಗೋಲಿನ ತುದಿಯಂಥ ಚಿಕ್ಕ ಬಾಗು. ಅಡ್ಡಕ್ಕೆ ಉದ್ದವಾಗಿ ಚಾಚಿದ ಗೆರೆ ಕಂಡರೆ ಮೋಸ ಹೋಗಬೇಡಿ, ಅದು ಜರ್ಬ್‌ನ ಬೇ. ನೀವು ಹೊಸನಗರದವರು, ಅದಕ್ಕೇ ನಾಲ್ಕನ್ನೂ ನೋಡಿ ಅನ್ನುತ್ತಿದ್ದೇನೆ. ಈ ‘ನಗರ್’ ನಿಮ್ಮ ತಾಲ್ಲೂಕಿನ ನಗರವೇ, ಹಳೇ ಬಿದನೂರು. ಹೈದರ್ 1763ರಲ್ಲಿ ಅದನ್ನು ಹಿಡಿದು ಹೈದರನಗರ ಅಂತ ಹೆಸರಿಟ್ಟ.

ತೂಕವನ್ನೂ ಹಾಕಿಸಿ. ಪೈಸೆಗೆ ಹತ್ತಿರ ಹತ್ತಿರ 11 ಗ್ರಾಂ ಬರಬೇಕು. ಅದಕ್ಕೆ ಟಿಪ್ಪು ಇಟ್ಟ ಹೆಸರು ಜೊಹ್ರಾ, ಶುಕ್ರ ಗ್ರಹ. ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ.

ಪ್ರಶ್ನೆ (ಧಾರವಾಡದ ಸದಸ್ಯ): ಸರ್, ನಾನು ಸೊಂಡಿಲು ಮೇಲೆ, ಸೊಂಡಿಲು ಕೆಳಗೆ, ಬಾಲ, ಹೂವು, ಅಂಚಿನ ಚುಕ್ಕೆ ಅಂತ ಪಟನ್ ಪೈಸೆ ಒಂದರಲ್ಲೇ ನಲವತ್ತು ಬಗೆ ಪಟ್ಟಿ ಮಾಡಿದ್ದೇನೆ. ಸರಿಯಾದ ದಾರಿಯೇ?

ಉತ್ತರ: ಅಣ್ಣಾ, ಇನ್ನೊಂದು ವರ್ಷ ಕೂತರೆ ನಾನೂರು ಮಾಡಬಹುದು. ಒಂದೊಂದು ಅಚ್ಚನ್ನೂ ಮನುಷ್ಯ ಕೈಯಲ್ಲಿ ಕೆತ್ತುತ್ತಿದ್ದ. ಒಂದು ಹಾಳಾದರೆ ಮತ್ತೊಂದು. ಬಾಲ ಒಂದು ಕೂದಲೆಳೆ ಡೊಂಕಾದರೆ ಅದು ಹೊಸ ಬಗೆ ಅಲ್ಲ, ಹೊಸ ಅಚ್ಚು ಅಷ್ಟೇ. ಆನೆ ಎಡಕ್ಕೆ ನೋಡುತ್ತಾ ಬಲಕ್ಕಾ, ಬೆನ್ನ ಹಿಂದೆ ಬಾವುಟ ಇದೆಯಾ, ಅಕ್ಷರ ಯಾವುದು, ಇಸವಿ ಯಾವುದು, ಊರು ಯಾವುದು. ಇವು ಬೇಕಂತಲೇ ಮಾಡಿದ ಬದಲಾವಣೆ. ಮೊದಲು ಇವನ್ನು ಬರೆದುಕೊಳ್ಳಿ.

ಒಮ್ಮೆ ನಾನೇ ಬೇಸ್ತು ಬಿದ್ದಿದ್ದೇನೆ. ಆನೆಯ ಬೆನ್ನ ಮೇಲೆ ನಕ್ಷತ್ರ ಇದೆ ಅಂತ ಒಂದು ಕಾಸಿಗೆ ಜಾಸ್ತಿ ದುಡ್ಡು ಕೊಟ್ಟೆ. ಮನೆಗೆ ತಂದು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ, ನಕ್ಷತ್ರದ ಒಂದು ಕಾಲು ಉದ್ದಕ್ಕೆ ಅಂಚಿನವರೆಗೂ ಓಡಿತ್ತು. ಅಚ್ಚು ಸೀಳಿ ಮೂಡಿದ ಗೀರು ಅದು. ಅವತ್ತಿನಿಂದ ಬೇರೆ ಬೇರೆ ಅಚ್ಚಿನ ಎರಡು ಕಾಸಿನಲ್ಲಿ ಅದೇ ಗುರುತು ಕಂಡರೆ ಮಾತ್ರ ಅದನ್ನು ಬಗೆ ಅಂತೀನಿ.

ನಿಮ್ಮೂರಿನ ಕಾಸು ಹುಡುಕಿ, ಅದು ನಿಜಕ್ಕೂ ರುಚಿ. ಧಾರವಾಡಕ್ಕೆ ಟಿಪ್ಪು ಕೊಟ್ಟ ಹೆಸರು ಖುರ್ಷೀದ್ ಸವಾದ್. 1791ರ ಏಪ್ರಿಲ್‌ನಲ್ಲಿ ಕೋಟೆ ಮರಾಠರ ಪಾಲಾಯಿತು. ಹಾಗಾಗಿ 1224 ಅಂತ ಇಸವಿ ಇರುವ ಖುರ್ಷೀದ್ ಸವಾದ್ ಕಾಸನ್ನು ಯಾರಾದರೂ ತೋರಿಸಿದರೆ ಅನುಮಾನಪಡಿ. ‘ಫರ್ಖಿ’ ಅಂತ ಊರ ಹೆಸರಿರುವ ಕಾಸೂ ಹಾಗೇ, ಅದು ಕಲ್ಲಿಕೋಟೆ ಪಕ್ಕದ ಫೆರೋಕ್. ಮಲಬಾರು 1792ರ ಒಪ್ಪಂದದಲ್ಲಿ ಟಿಪ್ಪುವಿನ ಕೈಬಿಟ್ಟು ಹೋಯಿತು. ಇತಿಹಾಸ ಗೊತ್ತಿದ್ದರೆ ಭೂತಗನ್ನಡಿ ತೆಗೆಯುವ ಮೊದಲೇ ಅರ್ಧ ನಕಲಿ ಸಿಕ್ಕಿಬೀಳುತ್ತವೆ.

ಪ್ರಶ್ನೆ (ಮಂಡ್ಯದ ಸದಸ್ಯ): ನನ್ನ ಹತ್ತಿರ ಇರೋ ಆನೆ ಕಾಸಿನ ಮೇಲೆ ಕನ್ನಡದಲ್ಲಿ ‘ಶ್ರೀ’ ಇದೆ. ಇದೂ ಟಿಪ್ಪುದಾ? ಮತ್ತೆ, ಹುಣಸೆಹಣ್ಣಲ್ಲಿ ಉಜ್ಜಿದ್ದೀನಿ, ಫಳಫಳ ಅಂತಿದೆ!

ಉತ್ತರ: ಟಿಪ್ಪುವಿನದಲ್ಲ. 1799ರ ನಂತರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಹಿಂದೆ ‘ಮಯಿಲಿ ಕಾಸು’ ಅಂತ ಕನ್ನಡದಲ್ಲೇ ಇದೆಯಾ ನೋಡಿ.

ಹುಣಸೆಹಣ್ಣು ಮಾತ್ರ ದೇವರ ಮನೆಯ ಚೊಂಬಿಗೆ ಇರಲಿ. ಇನ್ನೂರು ವರ್ಷದ ಬಣ್ಣ ಐದು ನಿಮಿಷದಲ್ಲಿ ತೆಗೆದಿದ್ದೀರಿ, ಅದು ವಾಪಸ್ ಬರಲ್ಲ. ಸವೆದ ಚುಕ್ಕೆಗಳೂ ಜೊತೆಗೇ ಹೋಗುತ್ತವೆ. ಕಿಲುಬು ಗಟ್ಟಿಯಾಗಿ, ನುಣುಪಾಗಿ ಕೂತಿದ್ದರೆ ಮುಟ್ಟಬೇಡಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ರೋಗ, ಲೋಹವನ್ನೇ ತಿನ್ನುತ್ತೆ. ಆ ಕಾಸನ್ನು ಬೇರೆ ಇಟ್ಟು, ತೇವ ತಾಗದ ಹಾಗೆ ನೋಡಿಕೊಂಡು ನನಗೆ ಫೋಟೋ ಕಳಿಸಿ.

ಪ್ರಶ್ನೆ (ಅದೇ ಸದಸ್ಯ): ಇದು ಗದ್ದೆ ಉಳುವಾಗ ಸಿಕ್ಕಿದ್ದು ಸರ್. ಇನ್ನೂ ಹತ್ತಿಪ್ಪತ್ತು ಇವೆ.

ಉತ್ತರ: ಹಾಗಿದ್ದರೆ ಮಾರೋ ಮಾತು ಬಿಡಿ. ನೆಲದಲ್ಲಿ ಸಿಕ್ಕಿದ್ದು ನಿಧಿ ಕಾನೂನಿನ ಕೆಳಗೆ ಬರುತ್ತೆ. ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ಮುಚ್ಚಿಟ್ಟರೆ ಕೇಸು ಆಗುತ್ತೆ.

ಹೊಸನಗರದ ಸದಸ್ಯೆ: ಸರ್, ರಾತ್ರಿ ಕರೆಂಟ್ ಹೋಗಿತ್ತು, ಟಾರ್ಚ್ ಹಿಡಿದು ನೋಡಿದೆ. ದೋಣಿ ಇರುವ ಎರಡೂ ಬಟ್ಟಲಲ್ಲಿ ಮುಗಿಯುತ್ತವೆ. ಮೂರನೆಯದು ಪೂರ್ತಿ ಸವೆದಿದೆ. ನಾಲ್ಕನೆಯದರಲ್ಲಿ ಓರೆ ಗೆರೆ ಇದೆ! ಇಸವಿಯಲ್ಲಿ ಎಡಗಡೆ ಮೊದಲು ಮನೆ ಮಾಡಿನಂಥ ಅಂಕಿ, ಆಮೇಲೆ ಕಡ್ಡಿ, ಆಮೇಲೆ ಎರಡು, ಮತ್ತೆ ಕಡ್ಡಿ. ಅಂಗಡಿ ತಕ್ಕಡಿಯಲ್ಲಿ 11 ಗ್ರಾಂ ತೂಗಿತು.

ಉತ್ತರ: ಮಾಡಿನಂಥದ್ದು ಎಂಟು. ಹಾಗಾದರೆ 1218, ಅಂದರೆ 1790–91, ನಗರದ ಟಂಕಸಾಲೆ. ಚುಕ್ಕೆಯ ಕಾಸು ಕೇಳಿದವರು ಇದನ್ನು ನೋಡಿದ್ದಾರಾ?

ಹೊಸನಗರದ ಸದಸ್ಯೆ: ನೋಡಿದ್ದಾರೆ ಸರ್. ‘ಅದನ್ನೂ ಜೊತೆಗೆ ಸುಮ್ನೆ ಕೊಟ್ಟುಬಿಡಿ’ ಅಂದಿದ್ದರು.