ಎಸ್‌ಎಲ್ 55: ವೇಗವಿದೆ, ಸುಖವೆಷ್ಟು?

ಪ್ರಶ್ನೆ:
ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ನಾನು ಮರ್ಸಿಡಿಸ್-ಎಎಂಜಿ ಎಸ್‌ಎಲ್ 55 ಎಂಬ, ಛಾವಣಿ ತೆರೆಯಬಹುದಾದ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವ ಯೋಚನೆಯಲ್ಲಿದ್ದೇನೆ. 4 ಲೀಟರಿನ ವಿ8 ಎಂಜಿನ್, 476 ಅಶ್ವಶಕ್ತಿ, 3.9 ಸೆಕೆಂಡುಗಳಲ್ಲಿ 100 ಕಿ.ಮೀ. ವೇಗ ಎಂಬ ಅಂಕಿಗಳು ಗೊತ್ತಿವೆ. ಆದರೆ ಹೆಂಡತಿ ಮತ್ತು ಎಂಟು ವರ್ಷದ ಮಗಳೊಂದಿಗೆ ಮೂರು ಗಂಟೆ ಪಯಣಿಸಲು ಇದು ಹಿತವಾಗಿದೆಯೇ ಎಂದು ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್‌ವರೆಗಿನ ಬಿ500 ಎಂಬ ಬೆಟ್ಟದ ರಸ್ತೆಯಲ್ಲಿ ಇದನ್ನು ಓಡಿಸಿದ್ದೇನೆ. ಮೆದು ಓಟದ ‘ಕಂಫರ್ಟ್’ ಮೋಡ್‌ನಲ್ಲಿ ಸಣ್ಣಪುಟ್ಟ ಏರಿಳಿತಗಳನ್ನು ನುಂಗಿಕೊಂಡು ಹೋಗುವ ಕಾರು, ಬಿರುಸು ಓಟದ ‘ಸ್ಪೋರ್ಟ್ ಪ್ಲಸ್’ ಮೋಡ್‌ಗೆ ಬದಲಿಸಿದೊಡನೆ ರಸ್ತೆಯ ಪ್ರತಿಯೊಂದು ತೇಪೆಯನ್ನೂ ಬೆನ್ನಿಗೆ ಮುಟ್ಟಿಸುತ್ತದೆ. ತಿರುವುಗಳಲ್ಲಿ ಹಿಡಿತ ಮಾತ್ರ ಅಪೂರ್ವ. ಬಟ್ಟೆಯ ಛಾವಣಿ ಸುಮಾರು 15 ಸೆಕೆಂಡುಗಳಲ್ಲಿ, 60 ಕಿ.ಮೀ. ವೇಗದವರೆಗೂ ತೆರೆಯುತ್ತದೆ. ಅಕ್ಟೋಬರಿನ ಚಳಿಯಲ್ಲಿ ಸೀಟಿನ ತಲೆಯಾನಿಕೆಯಿಂದ ಕುತ್ತಿಗೆಗೆ ಬೀಸುವ ಬಿಸಿಗಾಳಿಯನ್ನು ನಾನು ಎಂಜಿನ್ನಿಗಿಂತ ಹೆಚ್ಚು ಮೆಚ್ಚಿದೆ ಎಂದರೆ ನಗಬೇಡಿ.

ಉತ್ತರ 2:
ಹಿಂದಿನ ಸೀಟುಗಳನ್ನು ಕಂಪನಿಯೇ 1.50 ಮೀಟರ್ ಎತ್ತರದವರೆಗಿನವರಿಗೆಂದು ಹೇಳಿರುವುದರಿಂದ ಮಗಳು ಸದ್ಯಕ್ಕೆ ಕುಳಿತುಕೊಳ್ಳಬಹುದು. ಆದರೆ ಛಾವಣಿ ತೆರೆದಾಗ ಹಿಂದಿನಿಂದ ನುಗ್ಗುವ ಗಾಳಿಯನ್ನು ತಡೆಯುವ ಪರದೆಯನ್ನು ಅಳವಡಿಸಲು ಹಿಂದಿನ ಸೀಟು ಖಾಲಿಯಿರಬೇಕು. ಹೀಗಾಗಿ ಛಾವಣಿ ತೆರೆದಾಗ ಗಾಳಿಯ ಹೊಡೆತವೆಲ್ಲ ಮಗುವಿಗೇ. ಛಾವಣಿ ಮಡಿಸಿದರೆ ಡಿಕ್ಕಿಯಲ್ಲಿ ಉಳಿಯುವುದು 213 ಲೀಟರ್ ಜಾಗ. ಮೂವರ ಸಾಮಾನು ಹಿಡಿಸುವುದು ಕಷ್ಟ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಟೆಸ್ಟ್ ಡ್ರೈವ್‌ಗೆ ಮಗಳನ್ನೂ ಕರೆದೊಯ್ದು, ಛಾವಣಿ ತೆರೆದು, ಹಿಂದೆ ಕೂರಿಸಿಯೇ ನೋಡುತ್ತೇನೆ.