ಸಹಾಯ ಬೇಕು: ಮಕ್ಕಳೊಂದಿಗೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗು

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಿಂದ ಎರಡು ಮನೆಯವರು ಜನವರಿಯಲ್ಲಿ ಹೊರಡುವವರಿದ್ದೇವೆ. ಮಕ್ಕಳಿಗೆ ಒಂದೂವರೆ ಮತ್ತು ಆರು ವರ್ಷ. ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಿಂದ ರೈಲು. ಮಕ್ಕಳದ್ದೂ ಸೇರಿ ದ್ವೀಪ ಪ್ರವೇಶದ ಪರ್ಮಿಟ್‌ಗೆ ಅರ್ಜಿ ಹಾಕುತ್ತಿದ್ದೇವೆ.

ಕ್ಯಾಬಿನ್ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲೇ ಕೇಳಿದ್ದೇವೆ. ತುದಿಗಳು ಅಲೆಗೆ ಎದ್ದು ಬೀಳುತ್ತವೆ, ನಡುವೆ ಓಲಾಟ ಕಡಿಮೆ. ವಾಂತಿ ಮಾತ್ರೆ ದೊಡ್ಡವನಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಹೊರಡುವ ಒಂದು ಗಂಟೆ ಮೊದಲು. ಎರಡು ವರ್ಷದೊಳಗಿನ ಮಗುವಿಗೆ ಅದು ಬೇಡವೇ ಬೇಡ.

ನಿಜವಾದ ಚಿಂತೆ, ಹಡಗು ದ್ವೀಪದ ದಡದಿಂದ ದೂರ ನಿಂತಾಗ ಸಣ್ಣ ದೋಣಿಗೆ ಇಳಿಯುವುದು. ದೊಡ್ಡವರ ಲೈಫ್ ಜಾಕೆಟ್ ಹಾಕಿದರೆ ನೀರಿನಲ್ಲಿ ಮಗು ಕೆಳಕ್ಕೆ ಜಾರಿ, ಜಾಕೆಟ್ ತಲೆಯ ಮೇಲಕ್ಕೆ ಹೋಗುತ್ತದೆ. ಮಗುವಿನ ತೂಕಕ್ಕೆ ತಕ್ಕದ್ದು, ಕಾಲುಗಳ ನಡುವೆ ಪಟ್ಟಿ ಇರುವಂಥದ್ದೇ ಆಗಬೇಕು. ಮಗುವನ್ನು ಎದೆಗೆ ಕಟ್ಟಿಕೊಳ್ಳುವುದೂ ತಪ್ಪು, ಬಿದ್ದರೆ ಬಿಡಿಸಲಾಗದು.

ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ಹತ್ತು ಕಿಲೋ ತೂಕದ ಮಗುವಿಗೆ ಆಗುವ ಜಾಕೆಟ್ ದೋಣಿಯಲ್ಲೇ ಸಿಗುತ್ತದಾ, ಇಲ್ಲಿಂದಲೇ ಕೊಂಡೊಯ್ಯಬೇಕಾ? ರಾತ್ರಿ ರಾಗಿ ಗಂಜಿ ಕಲಸಲು ಬಿಸಿನೀರು ಸಿಗುತ್ತದಾ? ಕ್ಯಾಬಿನ್ನಿನಲ್ಲಿ ಕೆಟಲ್ ಬಿಡುವುದಿಲ್ಲ, ಅದಕ್ಕೇ ಕೇಳುತ್ತಿರುವುದು. ಜಾಕೆಟ್‌ನ ಫೋಟೋ ಇದ್ದರೆ ಹಾಕಿ.