ಎಂಪಿಜಿ123: -@ ಹಾಕಿದರೂ "ಪ್ಲೇಲಿಸ್ಟ್ ಇರಬಹುದೇ" ಎಂದೇ ಕೇಳುತ್ತಿದೆ, ಹಾಡು ಬರುತ್ತಿಲ್ಲ

ಕಾಡಂಚು:
ನಮಸ್ಕಾರ. ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಡೆಸ್ಕ್‌ಟಾಪ್ ಇಲ್ಲ, ಬರೀ ಟರ್ಮಿನಲ್. ಸ್ಪೀಕರ್ ಅದಕ್ಕೇ ಜೋಡಿಸಿದೆ, ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ನಡೆಸುತ್ತೇನೆ. ಸೋಮಾಎಫ್‌ಎಂ ಎಂಬ ಇಂಟರ್ನೆಟ್ ರೇಡಿಯೊದ ಗ್ರೂವ್ ಸಲಾಡ್ ಚಾನೆಲ್ ಕೇಳಬೇಕು. ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನದ್ದಾದ್ದರಿಂದ 64 ಕೆಬಿಪಿಎಸ್‌ನ ಪಿಎಲ್‌ಎಸ್ (ಪ್ಲೇಲಿಸ್ಟ್ ಫೈಲ್) ಕೊಂಡಿ ಆರಿಸಿದೆ. ಟರ್ಮಿನಲ್‌ನಲ್ಲಿ ಹಾಡು ನುಡಿಸುವ ಎಂಪಿಜಿ123ಗೆ ಕೊಟ್ಟರೆ, ಮೈಮ್ ಟೈಪ್ (ಬಂದದ್ದು ಯಾವ ಬಗೆಯ ಫೈಲು ಎಂದು ಸರ್ವರ್ ಹೇಳುವ ಗುರುತು) ಗೊತ್ತಿಲ್ಲ, ಪ್ಲೇಲಿಸ್ಟ್ ಇದ್ದರೆ -@ ಬಳಸಿ ಎಂದಿತು. -@ ಹಾಕಿದೆ. ಮತ್ತೆ ಅದೇ ಮಾತು! ಡಿಸ್ಕಿನಲ್ಲಿರುವ ಎಂಪಿ3 ಫೈಲುಗಳು ಚೆನ್ನಾಗಿ ಹಾಡುತ್ತವೆ.

ಶೆಲ್‌ಪ್ರಿಯ:
ಡಿಸ್ಕಿನ ಫೈಲು ಹಾಡುತ್ತಿದೆ ಎಂದರೆ ಸೌಂಡ್ ಕಾರ್ಡ್, ಆಲ್ಸಾ (ಲಿನಕ್ಸ್‌ನ ಧ್ವನಿ ವ್ಯವಸ್ಥೆ) ಎರಡೂ ಸರಿಯಿವೆ. ಆ ಕಡೆ ಹೋಗಬೇಡಿ.

ಎರಡು ಸಂದೇಶಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮೈಮ್ ಟೈಪ್ ಬೇರೆ ಬೇರೆ ಇರುತ್ತದೆ. ಮೊದಲನೆಯದು ಪಿಎಲ್‌ಎಸ್ ಫೈಲಿನದು. ಅದರೊಳಗೆ ಸಂಗೀತ ಇಲ್ಲ, "ಫೈಲ್1=" ಎಂದು ಶುರುವಾಗುವ ಸಾಲಿನಲ್ಲಿ ನಿಜವಾದ ಸ್ಟ್ರೀಮಿನ ವಿಳಾಸ ಇದೆ, ಅಷ್ಟೇ. -@ ಹಾಕಿದ ಮೇಲೆ ಅದು ಸರಿಯಾಗಿಯೇ ತೆರೆದಿದೆ. ಎರಡನೆಯ ಸಲ ತಕರಾರು ಬಂದದ್ದು ಸ್ಟ್ರೀಮಿನದೇ ವಿಷಯಕ್ಕೆ. ನೀವು ಆರಿಸಿದ 64ರ ಸ್ಟ್ರೀಮ್ ಎಎಸಿ, ಅಂದರೆ ಎಂಪಿ3 ಅಲ್ಲದ ಬೇರೊಂದು ಆಡಿಯೊ ಫಾರ್ಮ್ಯಾಟ್; ಎಂಪಿಜಿ123ಗೆ ಬರುವುದು ಎಂಪಿ3 ಮತ್ತು ಅದರ ಹಿಂದಿನ ಎಂಪೆಗ್ ಆಡಿಯೊ ಲೇಯರ್‌ಗಳು ಮಾತ್ರ. ಗುರುತು ಸಿಗದ್ದನ್ನೆಲ್ಲ ಅದು ಪ್ಲೇಲಿಸ್ಟ್ ಎಂದು ಊಹಿಸುತ್ತದೆ. ಆ ಊಹೆಯನ್ನು ನಂಬಬೇಡಿ, ಮೈಮ್ ಟೈಪ್ ನಂಬಿ.

ಖಾತ್ರಿ ಬೇಕಿದ್ದರೆ "ಫೈಲ್1=" ಮುಂದಿನ ವಿಳಾಸವನ್ನು ಕರ್ಲ್‌ಗೆ (ವೆಬ್ ವಿಳಾಸ ತೆರೆಯುವ ಟರ್ಮಿನಲ್ ಆಜ್ಞೆ) -ಎಸ್‌ವಿ ಜೊತೆ ಕೊಟ್ಟು, ಔಟ್‌ಪುಟ್ ಅನ್ನು /ಡೆವ್/ನಲ್‌ಗೆ ತಳ್ಳಿ. ಎರಡು ಸೆಕೆಂಡು ಬಿಟ್ಟು ಕಂಟ್ರೋಲ್-ಸಿ ಒತ್ತಿ. ಕಂಟೆಂಟ್-ಟೈಪ್ ಸಾಲಿನಲ್ಲಿ ಉತ್ತರ ಇರುತ್ತದೆ.

ಪರಿಹಾರ: ಎಂಪಿವಿ ಎಂಬ ಪ್ಲೇಯರ್ ಹಾಕಿಕೊಳ್ಳಿ. "ಎಂಪಿವಿ --ನೋ-ವಿಡಿಯೊ" ಮುಂದೆ ಅದೇ ಪಿಎಲ್‌ಎಸ್ ಕೊಂಡಿ. ಪ್ಲೇಲಿಸ್ಟ್, ಎಎಸಿ ಎರಡನ್ನೂ ತಾನೇ ಸಂಭಾಳಿಸುತ್ತದೆ. 9 ಒತ್ತಿದರೆ ದನಿ ಕಡಿಮೆ, 0 ಒತ್ತಿದರೆ ಜಾಸ್ತಿ.

ಬರಿಗೆರೆ:
ಎಂಪಿಜಿ123 ಬಿಡಲು ಮನಸ್ಸಿಲ್ಲದಿದ್ದರೆ 128ರ ಎಂಪಿ3 ಸ್ಟ್ರೀಮ್ ಇದೆ, -@ ಜೊತೆ ಹಾಡುತ್ತದೆ. ಆದರೆ ಗಂಟೆಗೆ ಸುಮಾರು 58 ಎಂಬಿ ಡೇಟಾ ಹೋಗುತ್ತದೆ, 64ರದ್ದಕ್ಕೆ ಅದರ ಅರ್ಧ ಸಾಕು. ಹಾಟ್‌ಸ್ಪಾಟ್‌ನಲ್ಲಿ ದಿನವಿಡೀ ಕೇಳುವವರಿಗೆ ಎಎಸಿಯೇ ವಾಸಿ. ಕಡಿಮೆ ಬಿಟ್‌ರೇಟ್‌ನಲ್ಲಿ ಎಂಪಿ3ಗಿಂತ ಚೆನ್ನಾಗಿಯೂ ಕೇಳಿಸುತ್ತದೆ.

ಕಾಡಂಚು:
ಎಂಪಿವಿಯಲ್ಲಿ ಬಂತು! ಹಾಡಿನ ಹೆಸರೂ ಟರ್ಮಿನಲ್‌ನಲ್ಲಿ ಕಾಣುತ್ತಿದೆ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಆದರೆ ಎಸ್‌ಎಸ್‌ಎಚ್ ಮುಚ್ಚಿದ ಕೂಡಲೇ ಹಾಡು ನಿಲ್ಲುತ್ತದೆ.

ಶೆಲ್‌ಪ್ರಿಯ:
ಸೆಷನ್ ಮುಚ್ಚಿದಾಗ ಅದರೊಳಗಿನ ಪ್ರೋಗ್ರಾಮೂ ನಿಲ್ಲುತ್ತದೆ. ಮೊದಲು ಟೀಮಕ್ಸ್ (ಲಾಗಿನ್ ಮುಚ್ಚಿದರೂ ಉಳಿಯುವ ಟರ್ಮಿನಲ್ ಸೆಷನ್ ಕೊಡುವ ಪ್ರೋಗ್ರಾಂ) ಶುರುಮಾಡಿ, ಅದರೊಳಗೆ ಎಂಪಿವಿ ಓಡಿಸಿ. ಕಂಟ್ರೋಲ್-ಬಿ ಒತ್ತಿ ಬಿಟ್ಟು ಡಿ ಒತ್ತಿದರೆ ಹೊರಬರುತ್ತೀರಿ, ಹಾಡು ನಡೆಯುತ್ತಲೇ ಇರುತ್ತದೆ. ಮತ್ತೆ ಲಾಗಿನ್ ಆದಾಗ "ಟೀಮಕ್ಸ್ ಅಟ್ಯಾಚ್".